ಒಡ್ಡು ಉಳಿಸಲು ಹಾರೆ ಹಿಡಿದ ಬಿಲದಕ್ಕ

ಬೆಳಗಿನ ಜಾವ ಐದೂಮುಕ್ಕಾಲು. ಹೊಳೆಯ ಒಡ್ಡಿನ ಇಳಿಜಾರಿನಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬರಿಗಾಲಲ್ಲಿ ಅಡ್ಡಡ್ಡ ನಡೆಯುತ್ತಿದ್ದಾರೆ. ನಾಲ್ಕು ಹೆಜ್ಜೆ ಇಡುತ್ತಾರೆ, ನಿಲ್ಲುತ್ತಾರೆ, ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಗುದ್ದುತ್ತಾರೆ, ಮತ್ತೆ ಮುಂದಕ್ಕೆ. ಹೆಗಲ ಮೇಲೆ ಹಾರೆ, ಸೊಂಟಕ್ಕೆ ಆನಿಸಿದ ಬುಟ್ಟಿ. ಹಿಂದೆ ಹೋಗುತ್ತಿರುವ ನನಗೆ ಒಣಹುಲ್ಲಿನ ಮೇಲೆ ಕಾಲು ನಿಲ್ಲುತ್ತಿಲ್ಲ. ಆಗಲೇ ಎರಡು ಸಲ ಜಾರಿ ಕೂತಿದ್ದೇನೆ. ಅವರು ತಿರುಗಿ ನೋಡಿ, "ಚಪ್ಪಲಿ ಬಿಚ್ಚಿಡಿ. ಒಡ್ಡು ಮಾತಾಡೋದು ಅಂಗಾಲಿನ ಹತ್ರ, ಚಪ್ಪಲಿ ಹತ್ರ ಅಲ್ಲ" ಎನ್ನುತ್ತಾರೆ.

ಸ್ವಲ್ಪ ದೂರದಲ್ಲಿ ಮಂಡಿಯೂರುತ್ತಾರೆ. ಹುಲ್ಲಿನ ಮರೆಯಲ್ಲಿ ಒಂದು ತೂತು. ನನ್ನ ಕಣ್ಣಿಗೆ ಅದು ಹತ್ತು ಸಲ ಹಾದುಹೋದರೂ ಬೀಳುತ್ತಿರಲಿಲ್ಲ. ಹೆಗಲವರೆಗೆ ಕೈ ತೂರಿಸಿ ಒಂದು ಹಿಡಿ ಮಣ್ಣು ತೆಗೆದು ಮೂಸುತ್ತಾರೆ. "ಹೆಗ್ಗಣ. ನಿನ್ನೆ ತೋಡಿದ್ದು. ಪಾಪ, ಮನೆ ಕೆಲಸ ಇನ್ನೂ ಮುಗಿದಿಲ್ಲ." ಪಾಪ ಎಂದವರೇ ಹಾರೆ ಎತ್ತಿ ಆ ಮನೆಯ ಮಾಡು ಕೆಡವತೊಡಗುತ್ತಾರೆ. ಬಿಲದ ಬಾಯಿಗೆ ಮಣ್ಣು ತುರುಕಿ ಏಳುವ ಕೆಲಸವಲ್ಲ ಇದು. ಬಿಲ ಹೋದ ದಾರಿಯನ್ನೇ ಹಿಡಿದು ಕೊನೆಯವರೆಗೆ ಅಗೆಯಬೇಕು. ಆಮೇಲೆ ಕಲಸಿದ ಜೇಡಿಮಣ್ಣನ್ನು ಹಿಡಿಹಿಡಿಯಾಗಿ ಹಾಕಿ, ಒಂದೊಂದು ಪದರವನ್ನೂ ಮರದ ದಿಮ್ಮಸಿನಿಂದ ಬಡಿಯಬೇಕು. ಈ ಒಂದು ಬಿಲಕ್ಕೆ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ.

ಇಲಾಖೆಯ ಪುಸ್ತಕದಲ್ಲಿ ಇವರ ಕೆಲಸದ ಹೆಸರು 'ಒಡ್ಡು ಕಾವಲು, ದಿನಗೂಲಿ'. ಊರಿನ ಬಾಯಲ್ಲಿ ಬಿಲದಕ್ಕ. ಒಡ್ಡಿನ ಆಚೆ ಹೊಳೆ, ಈಚೆ ಅರವತ್ತೆರಡು ಮನೆ. ಹೊಳೆ ತುಂಬಿದಾಗ ಅದರ ನೀರು ಈ ಮನೆಗಳ ಮಾಡಿಗಿಂತ ಮೇಲಿರುತ್ತದೆ. ನಡುವೆ ಇರುವುದು ಮೂರೂವರೆ ಕಿಲೋಮೀಟರ್ ಉದ್ದದ ಬರೀ ಮಣ್ಣು. ಇಲಿ, ಏಡಿ, ಹೆಗ್ಗಣ ಯಾವುದಾದರೂ ಅದರಲ್ಲಿ ಆಚೆಯಿಂದ ಈಚೆಗೆ ಒಂದು ದಾರಿ ಮಾಡಿದರೆ ಸಾಕು, ನೀರು ಅದನ್ನು ಹುಡುಕಿಕೊಳ್ಳುತ್ತದೆ. ಬೆಳಿಗ್ಗೆ ಬೆರಳಷ್ಟಿದ್ದ ತೂತು ಮಧ್ಯಾಹ್ನಕ್ಕೆ ಎತ್ತಿನ ಗಾಡಿ ಹೋಗುವಷ್ಟಾಗುತ್ತದೆ.

ಎರಡೂ ಮಗ್ಗುಲು ಸೇರಿ ದಿನಕ್ಕೆ ಏಳು ಕಿಲೋಮೀಟರ್ ನಡಿಗೆ. ಹತ್ತರಿಂದ ಹದಿನೈದು ಬಿಲ. ಕೊಯ್ಲು ಮುಗಿದು ಇಲಿಗಳು ಗದ್ದೆ ಬಿಟ್ಟು ಒಡ್ಡಿಗೆ ಬಿಡಾರ ಬದಲಿಸುವ ತಿಂಗಳಲ್ಲಿ ಇಪ್ಪತ್ತು ದಾಟುವುದೂ ಉಂಟು. ಇಪ್ಪತ್ತನಾಲ್ಕು ವರ್ಷದಿಂದ ಇದೇ ಕೆಲಸ. ಇಲಾಖೆಯ ವರದಿಯನ್ನು ನಾನು ತರಿಸಿ ಓದಿದೆ. ಒಡ್ಡಿನ ಉದ್ದ ಇದೆ, ಎತ್ತರ ಇದೆ, ಶಂಕುಸ್ಥಾಪನೆಗೆ ಬಂದು ಹೋದವರ ಪಟ್ಟಿ ಒಂದೂವರೆ ಪುಟ ಇದೆ. ಒಡ್ಡನ್ನು ಒಡ್ಡಾಗಿ ಉಳಿಸಿದವರ ಸುಳಿವೇ ಇಲ್ಲ. ಇದನ್ನು ಹೇಳಿದರೆ ಬಿಲದಕ್ಕ ನಗುತ್ತಾರೆ. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ಲ, ಇಪ್ಪತ್ನಾಲ್ಕು ವರ್ಷದಿಂದ ಕೈ ಕೆಸರಾಗೇ ಇದೆ. ಮೊಸರು ಯಾರ ಮನೇಲಿ ಹೆಪ್ಪು ಹಾಕಿದ್ದಾರೋ ಗೊತ್ತಿಲ್ಲ."

ಮನೆ ಒಡ್ಡಿನ ಬುಡದಲ್ಲೇ ಇದೆ, ಎರಡು ಕೋಣೆ. ಎದೆಯೆತ್ತರದಿಂದ ಕೆಳಗೆ ಗೋಡೆಗೆ ಒಂದು ಮೊಳೆಯೂ ಹೊಡೆದಿಲ್ಲ. ಹಾಸಿಗೆ, ಪಾತ್ರೆ, ಕಾಗದಪತ್ರ ಎಲ್ಲವೂ ಅಟ್ಟದ ಮೇಲೆ. ಗಂಡ ದರ್ಜಿ. ಅವರ ಹೊಲಿಗೆ ಯಂತ್ರದ ಪ್ರತಿ ಕಾಲಿಗೂ ಮೂರು ಮೂರು ಇಟ್ಟಿಗೆ ಕೊಟ್ಟಿದ್ದಾರೆ, ಅವರೂ ಎತ್ತರದ ಸ್ಟೂಲಿನ ಮೇಲೆ ಕೂತು ಹೊಲಿಯುತ್ತಾರೆ. "ನಾನು ಬಟ್ಟೆ ಹೊಲೀತೀನಿ, ಇವಳು ಒಡ್ಡು ಹೊಲೀತಾಳೆ. ನಂದು ಬಿಚ್ಚಿದ್ರೆ ಗಿರಾಕಿ ಬಂದು ಬೈತಾನೆ, ಅಷ್ಟೇ" ಎಂದು ಹೇಳಿ ಮತ್ತೆ ಯಂತ್ರ ತುಳಿಯುತ್ತಾರೆ.

ಕೆಲಸ ಕಲಿಸಿದ್ದು ಅತ್ತೆ. ಅವರಿಗೂ ಇದೇ ದಿನಗೂಲಿ, ಇದೇ ಹಾರೆ. ಬಿಲದ ಬಾಯಿ ಮುಚ್ಚಿದರೆ ಬಿಲ ಮುಚ್ಚಿದಂತಲ್ಲ ಎಂಬುದು ಅತ್ತೆ ಹೇಳಿಕೊಟ್ಟ ಮೊದಲ ಪಾಠ. ಬಿಲದಕ್ಕ ಆ ಪಾಠವನ್ನು ಒಂದೇ ಒಂದು ಸಲ ಮೀರಿದ್ದಾರೆ. ಅದನ್ನು ಹೇಳುವಾಗ ಅವರು ತಲೆ ತಗ್ಗಿಸುವುದಿಲ್ಲ. ನನ್ನನ್ನು ನೆಟ್ಟಗೆ ನೋಡಿಯೇ ಹೇಳುತ್ತಾರೆ.

"ಒಂಬತ್ತು ವರ್ಷದ ಹಿಂದೆ. ಅತ್ತೆಗೆ ಜ್ವರ ನೆತ್ತಿಗೇರಿತ್ತು. ಸಂಜೆ ಒಂದು ಬಿಲ ಬಾಕಿ ಇತ್ತು. ಬಾಯಿಗೆ ಒಂದು ಬುಟ್ಟಿ ಮಣ್ಣು ತುರುಕಿ, ತುಳಿದು, ನಾಳೆ ನೋಡಿದ್ರಾಯ್ತು ಅಂತ ಓಡಿಬಂದೆ. ಅವತ್ತೇ ಅತ್ತೆ ಹೋಗ್ಬಿಟ್ರು. ಆ ಗಲಾಟೆಲಿ ಬಿಲ ಮರೆತೇಹೋಯ್ತು."

ಆರನೇ ವಾರಕ್ಕೆ ಹೊಳೆ ಏರಿತು. ಒಡ್ಡು ಸರಿಯಾಗಿ ಅಲ್ಲೇ ಕುಸಿಯಿತು. ಹನ್ನೊಂದು ಮನೆಗಳ ಗೋಡೆ ಬಿತ್ತು. ಪ್ರಾಣ ಹೋಗಲಿಲ್ಲ ಎಂಬುದೊಂದೇ ಸಮಾಧಾನ. ಕುಡಿಯುವ ನೀರಿನ ಬಾವಿಯೊಳಗೆ ಹೂಳು ತುಂಬಿ ಆರು ತಿಂಗಳು ಹೆಂಗಸರು ಎರಡು ಮೈಲಿ ಆಚೆಯಿಂದ ನೀರು ಹೊತ್ತರು. ತನಿಖೆಗೆ ಬಂದ ಸಮಿತಿ ಕಾರಣದ ಜಾಗದಲ್ಲಿ 'ಅತಿವೃಷ್ಟಿ' ಎಂದು ಬರೆಯಿತು. ಬಿಲದಕ್ಕ ಗುಂಪಿನ ನಡುವೆ ಎದ್ದು ನಿಂತು, "ಮಳೆ ಅಲ್ಲ ಸ್ವಾಮಿ, ನಾನು" ಎಂದರಂತೆ. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ನಮೂನೆಯಲ್ಲಿ ಅದನ್ನು ಬರೆಯಲು ಕಾಲಂ ಇರಲಿಲ್ಲ. ಕೂತ್ಕೊಳಮ್ಮ ಎಂದರು.

ಈ ಬೇಸಿಗೆಯಲ್ಲಿ ಇಲಾಖೆ ಒಡ್ಡಿಗೆ ಕಾಂಕ್ರೀಟು ಹಾಕಿಸಿದೆ. ಹೊಳೆ ತಿರುಗಿ ಬಂದು ಬಡಿಯುವ ಜಾಗದಲ್ಲಿ ನಾನೂರು ಮೀಟರ್. ನೋಡಲು ಲಕ್ಷಣವಾಗಿದೆ, ಸುಳ್ಳು ಯಾಕೆ ಹೇಳಬೇಕು. ಆದರೆ ಗುತ್ತಿಗೆದಾರನ ಆಳುಗಳು ಬಿಲಗಳನ್ನು ಅಗೆಯಲಿಲ್ಲ. ಬಾಯಿಗೆ ಒಂದೊಂದು ಉಂಡೆ ಸಿಮೆಂಟು ಮೆತ್ತಿ ಮೇಲೆ ಹಾಸು ಹಾಕಿಬಿಟ್ಟರು. ಬಿಲದಕ್ಕ ಪಕ್ಕದಲ್ಲೇ ನಿಂತು ಬೇಡ ಬೇಡ ಎಂದರೂ ಮೇಸ್ತ್ರಿ ಕೇಳಲಿಲ್ಲ. "ಇನ್ಮೇಲೆ ಹೆಗ್ಗಣ ಬಂದ್ರೆ ಹಲ್ಲು ಮುರ್ಕೊಂಡು ಹೋಗುತ್ತೆ ಅಕ್ಕ" ಎಂದ. "ಬರೋದೇನು, ಅದು ಒಳಗೇ ಇದೆಯಪ್ಪ" ಎಂದರು ಇವರು. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು ಎಂಬ ಗಾದೆಯನ್ನು ಇಷ್ಟು ಅಚ್ಚುಕಟ್ಟಾಗಿ ಕಟ್ಟಿ ನಿಲ್ಲಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

"ನಾನು ಒಂದು ಬಿಲಕ್ಕೆ ಮಾಡಿದ ತಪ್ಪನ್ನ ಇವರು ನಾನೂರು ಮೀಟರ್‌ಗೆ ಮಾಡಿದ್ದಾರೆ" ಎನ್ನುವಾಗ ಬಿಲದಕ್ಕನ ದನಿ ಮೊದಲ ಸಲ ಏರುತ್ತದೆ. "ಮೊದಲಾದ್ರೆ ತೂತು ಕಣ್ಣಿಗೆ ಕಾಣ್ತಿತ್ತು. ಈಗ ಕಾಣೋ ಹಾಗೂ ಇಲ್ಲ."

ಹದಿನೈದು ದಿನ ಅವರು ಆ ಹಾಸಿನ ಮೇಲೆ ಹಿಮ್ಮಡಿ ಗುದ್ದುತ್ತಾ ನಡೆದರು. ಒಂದು ಕಡೆ ಸದ್ದು ಬೇರೆಯಾಗಿ ಕೇಳಿಸಿತು. ಮಾರನೇ ದಿನ ಬೆಳಿಗ್ಗೆ ಹಾರೆ ತಂದು ಅಲ್ಲೇ ಒಡೆದರು. ಅಡಿಯಲ್ಲಿ ಮಣ್ಣೇ ಇಲ್ಲ. ಕೈ ಹಾಕಿದರು, ತಳ ಸಿಗಲಿಲ್ಲ. ಎಂಟಡಿ ಗಳ ಹಾಕಿದರು, ಅದೂ ಪೂರ್ತಿ ಒಳಗೆ ಹೋಯಿತು. ಇನ್ನು ಈ ದಾರಿ ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು. ಅದಕ್ಕೆ ಇವರದೇ ಒಂದು ಉಪಾಯ ಉಂಟು. ಅಂಗಡಿಯಿಂದ ಬಟ್ಟೆಗೆ ಹಾಕುವ ನೀಲಿಯ ಎರಡು ಸೀಸೆ ತಂದು, ನೀರಿಗೆ ಕಲಸಿ, ಹನ್ನೊಂದು ಕೊಡ ಸುರಿದರು. ಒಡ್ಡಿನ ಈಚೆ ಕಾಯಲು ಪಕ್ಕದ ಮನೆಯಲ್ಲೇ ಇರುವ ನಾದಿನಿಯನ್ನು ನಿಲ್ಲಿಸಿದ್ದರು. ಅರ್ಧ ಗಂಟೆ ಕಳೆದರೂ ಒಡ್ಡಿನ ಬುಡದಲ್ಲಿ ಏನೂ ಕಾಣದೆ, ಬೇಸತ್ತ ನಾದಿನಿ ಕೈಕಾಲು ತೊಳೆಯಲು ತಮ್ಮ ಮನೆಯೊಳಗೆ ಹೋದರು. ಅಲ್ಲಿಂದಲೇ ಕೂಗಿದರು: "ಅತ್ತಿಗೆ, ಬನ್ನಿ ಇಲ್ಲಿ. ನನ್ನ ಬಚ್ಚಲೇ ನೀಲಿ ಆಗಿದೆ."

ಇಲಾಖೆಯ ಎಂಜಿನಿಯರ್ ಬಂದು ನೋಡಿದರು. ಒಡೆದ ಹಾಸನ್ನು ನೋಡಿ ಹುಬ್ಬು ಗಂಟಿಕ್ಕಿದರು, ಬಚ್ಚಲನ್ನು ನೋಡಿ ನಕ್ಕರು. "ಬಚ್ಚಲಲ್ಲಿ ಬಟ್ಟೆ ನೀಲಿ ಇರದೆ ಇನ್ನೇನಿರುತ್ತೆ?" ಇದನ್ನು ನಾದಿನಿ ಅಣಕಿಸಿ ತೋರಿಸಿದಾಗ ನನಗೂ ನಗು ಬಂತು. ಒಂದು ಗಳಿಗೆ ಬಿಟ್ಟು ಮೈ ಉರಿಯಿತು. ಆ ಬಚ್ಚಲ ಗೋಡೆಗೂ ಒಡ್ಡಿಗೂ ನಡುವೆ ಎರಡು ಗೇಣು ಜಾಗವಿಲ್ಲ, ಅಲ್ಲೇ ನಾದಿನಿಯ ಎರಡು ಮಕ್ಕಳು ದಿನಾ ಸ್ನಾನ ಮಾಡುತ್ತವೆ.

ಮೂರನೇ ದಿನ ನೋಟಿಸು ಬಂತು. ಸರಕಾರಿ ಸ್ವತ್ತಿಗೆ ಹಾನಿ ಮಾಡಿದ್ದೀರಿ. ಸೋಮವಾರದೊಳಗೆ ತಪ್ಪೊಪ್ಪಿಕೊಂಡು, ಇನ್ನು ಮುಂದೆ ಹಾಸನ್ನು ಮುಟ್ಟುವುದಿಲ್ಲವೆಂದು ಬರೆದುಕೊಡತಕ್ಕದ್ದು. ತಪ್ಪಿದಲ್ಲಿ ಕೆಲಸದಿಂದ ತೆಗೆಯಲಾಗುವುದು. ನಾನು ಹೋದದ್ದು ಗುರುವಾರ. ಮಳೆಗಾಲಕ್ಕೆ ಉಳಿದಿರುವುದು ಹತ್ತೊಂಬತ್ತು ದಿನ.

ಎಂಜಿನಿಯರ್‌ಗೆ ಅಲ್ಲಿಂದಲೇ ಫೋನ್ ಮಾಡಿದೆ. ಕೆಟ್ಟ ಮನುಷ್ಯರಲ್ಲ, ತಾಳ್ಮೆಯಿಂದಲೇ ಮಾತಾಡಿದರು. "ಬಿಲ ಮುಚ್ಚಿಯೇ ಹಾಸು ಹಾಕಿದ್ದಾರೆ ಅಂತ ದಾಖಲೆಯಲ್ಲಿದೆ. ಒಡೀಬೇಕಾದ್ರೆ ಮೇಲಿನವರ ಅಪ್ಪಣೆ ಬೇಕು. ಅಪ್ಪಣೆಗೆ ಕಾರಣ ಬೇಕು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ, ಒಂದು ಹೆಗ್ಗಣಕ್ಕೋಸ್ಕರ ಅಷ್ಟು ಕಾಂಕ್ರೀಟು ಒಡೆಯೋಕಾಗುತ್ತಾ ಹೇಳಿ?"

ಫೋನಿನ ದನಿ ಜೋರಿತ್ತು, ಬಿಲದಕ್ಕನಿಗೆ ಕೇಳಿಸಿತು. "ಬೆಟ್ಟ ಅಗೀತಿರೋದೇ ಇಲಿ ಅಂತ ಹೇಳಿ ಅವರಿಗೆ. ನಾನು ಹಿಂದೆ ಹಿಂದೆ ಮುಚ್ಕೊಂಡು ಹೋಗ್ತಿದ್ದೀನಿ, ಅಷ್ಟೇ."

ನಾದಿನಿ ಹೊಸಿಲ ಮೇಲೆ ಕೂತಿದ್ದಾರೆ. ನೋಟಿಸು ಬಂದಾಗಿನಿಂದ ಇದೇ ಜಗಳ ನಡೆದಿದೆ. "ಹಲ್ಲು ಕಚ್ಚಿಕೊಂಡು ತಪ್ಪಾಯ್ತು ಅಂತ ಬರೆದುಕೊಡಿ ಅತ್ತಿಗೆ. ನಿಮ್ಮನ್ನ ತೆಗೆದುಹಾಕಿದ್ರೆ ಉಳಿದ ಮೂರು ಕಿಲೋಮೀಟರ್ ನೋಡೋರು ಯಾರು? ನನ್ನ ಬಚ್ಚಲು ಹೋದ್ರೆ ಹೋಗ್ಲಿ, ಊರು ಉಳೀಲಿ."

"ನಿನ್ನ ಬಚ್ಚಲು ಹೋದ್ರೆ ಊರು ಎಲ್ಲಿ ಉಳಿಯುತ್ತೆ ಕಣೇ" ಎನ್ನುತ್ತಾರೆ ಬಿಲದಕ್ಕ. "ಮುಟ್ಟಲ್ಲ ಅಂತ ಬರೆದುಕೊಟ್ಟ ಮೇಲೆ ಅದರ ಮೇಲೆ ನಡೆದು ಏನು ಮಾಡ್ಲಿ? ಟೊಳ್ಳು ಇದೆ ಅಂತ ಕಾಲು ಹೇಳುತ್ತೆ, ಸುಮ್ನಿರು ಅಂತ ಕಾಗದ ಹೇಳುತ್ತೆ." ಆಮೇಲೆ ನನ್ನ ಕಡೆ ತಿರುಗುತ್ತಾರೆ. "ನೀವು ಬರೆಯೋರು ತಾನೆ? ಬರೀರಿ ಉತ್ತರ."

ಸುದ್ದಿ ಬರೆಯಲು ಹೋದವನು ಅರ್ಜಿ ಬರೆಯಬಾರದು ಎಂದು ನಮ್ಮ ಕಚೇರಿಯಲ್ಲಿ ಹೇಳುತ್ತಾರೆ. ಹೇಳಲಿ. ಹೊಲಿಗೆ ಯಂತ್ರದ ಹಲಗೆಯ ಮೇಲೆ ಹಾಳೆ ಇಟ್ಟು ಬರೆಯುತ್ತೇನೆ. ನಾದಿನಿಯ ಮುಖ ಎದುರಿಗೇ ಇದೆ. ಅವರ ಮಾತೂ ಸುಳ್ಳಲ್ಲ, ಈ ಕೆಲಸ ಹೋದರೆ ಒಡ್ಡಿಗೆ ದಿಕ್ಕಿಲ್ಲ. ಹಾಗಾಗಿ 'ತಿಳಿಯದೆ ಒಂದು ಹಾಸನ್ನು ಒಡೆದಿದ್ದು, ಅದಕ್ಕಾಗಿ ವಿಷಾದಿಸುತ್ತೇನೆ' ಎಂದು ಶುರು ಮಾಡುತ್ತೇನೆ. ಓದಿ ಹೇಳಿ ಎನ್ನುತ್ತಾರೆ ಬಿಲದಕ್ಕ. ಓದುತ್ತೇನೆ.

"ತಿಳಿಯದೆ ಅಂತ ಯಾರು ಹೇಳಿದ್ರು ನಿಮಗೆ?"

"ಸ್ವಲ್ಪ ಮೆತ್ತಗಿರಲಿ ಅಂತ."

"ಒಡ್ಡಿನ ಒಳಗೆ ಮೆತ್ತಗಿರೋದು ಸಾಲದಾ? ಕಾಗದನಾದ್ರೂ ಗಟ್ಟಿಯಾಗಿರ್ಲಿ. ಹೊಡೆದುಹಾಕಿ ಅದನ್ನ. ನಾನು ಹೇಳಿದಷ್ಟು ಬರೀರಿ."

ಅವರು ಹೇಳುತ್ತಾ ಹೋಗುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಒಡೆದದ್ದು ನಾನೇ. ತಿಳಿದೇ ಒಡೆದೆ. ಒಳಗೆ ಟೊಳ್ಳಿದೆ, ಬಂದು ಕೈ ಹಾಕಿ ನೋಡಿ. ನಲವತ್ತು ಹೆಜ್ಜೆಗೆ ಒಂದು ಕಡೆಯಂತೆ ಹಾಸು ಒಡೆದು, ಇರುವ ಬಿಲವನ್ನೆಲ್ಲ ಕೊನೆಯವರೆಗೆ ಅಗೆದು ಮುಚ್ಚಬೇಕು. ಅದಕ್ಕೆ ಇಬ್ಬರು ಆಳು ಕೊಡಿ. ಕೊಡದಿದ್ದರೆ ನಾನೊಬ್ಬಳೇ ಒಡೆಯುತ್ತೇನೆ.

ಹೊಲಿಗೆ ಯಂತ್ರದ ಹತ್ತಿರ ನಿಂತಿದ್ದ ಗಂಡ ಕೆಮ್ಮುತ್ತಾರೆ. ನಾದಿನಿ ಹೊಸಿಲಿನಿಂದ ಎದ್ದು ಹತ್ತಿರ ಬರುತ್ತಾರೆ. "ಇಬ್ಬರು ಬೇಡ, ಒಬ್ಬರು ಅಂತ ಬರೀರಿ. ಇನ್ನೊಂದು ಆಳು ನಾನಿದ್ದೀನಲ್ಲ." ಬಿಲದಕ್ಕ ಅವರ ಕಡೆ ನೋಡಿ, "ಹಾರೆ ಹಿಡಿಯೋಕೆ ಬರುತ್ತೇನೇ ನಿಂಗೆ?" ಎಂದು ಕೇಳುತ್ತಾರೆ. "ನೀವೇನು ಹುಟ್ಟುವಾಗ ಹಿಡ್ಕೊಂಡು ಹುಟ್ಟಿದ್ರಾ?" ಎಂದು ನಾದಿನಿ ತಿರುಗಿಸಿ ಕೊಡುತ್ತಾರೆ. ಇಬ್ಬರು ಎಂಬುದನ್ನು ಒಬ್ಬರು ಎಂದು ತಿದ್ದುತ್ತೇನೆ.

ಅಭ್ಯಾಸಬಲದಿಂದ ಕೆಳಗೆ 'ಇಂತಿ ತಮ್ಮ ವಿಧೇಯಳು' ಎಂದು ಬರೆದು ರುಜುವಿಗೆ ಕೊಡುತ್ತೇನೆ. ಬಿಲದಕ್ಕ ಹಾಳೆಯನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾರೆ.

"ವಿಧೇಯಳು ಅಂದ್ರೆ?"

"ಹೇಳಿದ ಮಾತು ಕೇಳುವವಳು ಅಂತ."

ಪೆನ್ನು ನನ್ನ ಕೈಯಿಂದ ತೆಗೆದುಕೊಂಡು ಆ ಸಾಲನ್ನು ಅವರೇ ಹೊಡೆದುಹಾಕುತ್ತಾರೆ. ಅದರ ಕೆಳಗೆ ನಿಧಾನವಾಗಿ, ದಪ್ಪ ಅಕ್ಷರದಲ್ಲಿ, 'ಒಡ್ಡು ಕಾಯುವವಳು' ಎಂದು ಬರೆದು ರುಜು ಹಾಕುತ್ತಾರೆ.