ಖಾಜಾಬಿಯವರ ಚಾಕಿನ ಹಿಡಿ

ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲು. ಎರಡು ಸಲ ಫೇಲಾಗಿ, ರಜೆಯಲ್ಲಿ ಗೌಂಡಿ ಕೆಲಸ ಮಾಡಿ ಎಂಜಿನಿಯರಿಂಗ್ ಮುಗಿಸಿದೆ, ಹೇಳಿಕೊಳ್ಳಲು ಸಂಕೋಚವಿಲ್ಲ. ಐದು ವರ್ಷದ ಹಿಂದೆ ಹಗರಿಬೊಮ್ಮನಹಳ್ಳಿಯ ಒಂದು ತರಬೇತಿ ಕೇಂದ್ರದಲ್ಲಿ ಬಡಗಿ ವಿಭಾಗದ ಬೋಧಕನಾದೆ. ಸುತ್ತಲಿನ ಊರವರ ಉಪಕರಣಗಳನ್ನೂ ಅಲ್ಲಿ ದುರಸ್ತಿ ಮಾಡಿಕೊಡುತ್ತಿದ್ದೆವು.

ಆ ವರ್ಷವೇ ಹಂಪಸಾಗರದ ಖಾಜಾಬಿ ತಮ್ಮ ಚಾಕು ತಂದರು. ಮದುವೆ ಅಡುಗೆಗೆ ಉಳ್ಳಾಗಡ್ಡಿ, ತರಕಾರಿ ಹೆಚ್ಚುವುದು ಅವರ ಕಸುಬು. ಹಿಡಿಯ ಕಟ್ಟಿಗೆಗೂ ಉಕ್ಕಿಗೂ ನಡುವೆ ಸಂದು ಬಿಟ್ಟು, ಅದರಲ್ಲಿ ಅಂಗೈ ಚರ್ಮ ಸಿಕ್ಕಿ ಗಾಯವಾಗಿದೆ ಎಂದರು. ಕೈ ಹೀಗೇ ಇದ್ದರೆ ಬೇರೆಯವರನ್ನು ಕರೆಯುವುದಾಗಿ ಮದುವೆ ಅಡುಗೆ ಹಿಡಿಯುವ ಬಾವರ್ಚಿ ಹೇಳಿದ್ದನಂತೆ. ಹೊಸ ಚಾಕು ಕೊಳ್ಳಬಾರದೇ ಎಂದೆ. ಇಪ್ಪತ್ತು ವರ್ಷ ಕೈಗೆ ಹೊಂದಿದ ತೂಕ ಬೇರೆಯದಕ್ಕೆ ಬರುವುದಿಲ್ಲವೆಂದರು.

ನೋಡಿದರೆ ಸಂದು ಕೂದಲೆಳೆಯಷ್ಟಿತ್ತು. ಇಷ್ಟರಲ್ಲಿ ಚರ್ಮ ಸಿಗುತ್ತದೆಯೇ ಎಂದು ಒಳಗೊಳಗೇ ನಕ್ಕೆ. ಎಪಾಕ್ಸಿ, ಅಂದರೆ ಎರಡು ಟ್ಯೂಬಿನದನ್ನು ಕಲಸುವ ಅಂಟು, ತುಂಬಿ, ಸ್ಯಾಂಡ್‌ಪೇಪರ್ ಹೊಡೆದು ಮರುದಿನ ಕೊಟ್ಟೆ.

ಎಂಟು ದಿನಕ್ಕೆ ವಾಪಸ್ ಬಂದರು. ಸಂದು ಒಂದು ಮಿಲಿಮೀಟರ್ ದಾಟಿತ್ತು. ಅಂಟು ಗಾಯದ ಹಕ್ಕಳೆಯಂತೆ ಎದ್ದಿತ್ತು. ಅವರ ಅಂಗೈಗೆ ಬಟ್ಟೆ ಸುತ್ತಿತ್ತು.

“ನಿಮ್ಮ ಅಂಟು ಗಟ್ಟಿ ಐತಿ ಸರ. ಕಟಿಗಿ ಅದರ ಮಾತು ಕೇಳವಲ್ದು.”

ಮೊದಲ ಸಲ ತರುವ ಮುನ್ನ ಚಾಕಿಗೆ ಏನಾದರೂ ಮಾಡಿದ್ದಿರಾ ಎಂದು ಆಗ ಕೇಳಿದೆ.

“ಏನಿಲ್ರಿ, ಎರಡು ದಿನ ನೀರಾಗ ಇಟ್ಟಿದ್ದೆ. ಗುದ್ದಲಿ, ಕುಡಗೋಲು ಸಡಿಲಾದ್ರ ಎಲ್ಲಾರೂ ಹಂಗ ಮಾಡ್ತಾರಲ್ಲ. ನಿಮ್ಮನ್ಯಾಗ ಮಾಡಂಗಿಲ್ಲೇನು?”

ಮಾಡುತ್ತಿದ್ದೆವು. ಅಪ್ಪನ ಗುದ್ದಲಿಯನ್ನು ಬಾನಿಯಲ್ಲಿ ನೆನೆಹಾಕುವುದು ನನ್ನದೇ ಕೆಲಸವಾಗಿತ್ತು. ನೀರು ಕುಡಿದ ಕಟ್ಟಿಗೆ ಉಬ್ಬಿ ಸಂದು ಮುಚ್ಚುತ್ತದೆ, ಒಣಗಿದರೆ ಮತ್ತೆ ಬಿಡುತ್ತದೆ. ಅದನ್ನೇ ಪರೀಕ್ಷೆಯಲ್ಲಿ ಬರೆದು ಪಾಸಾದವನು ಹಸಿ ಹಿಡಿಗೆ ಅಂಟು ತುಂಬಿದ್ದೆ. ತಪ್ಪು ನನ್ನದೆಂದೆ. ಹನ್ನೆರಡು ದಿನಕ್ಕೆ ಒಂದು ಮದುವೆ ಇದೆ, ಅಷ್ಟರೊಳಗೆ ಕೊಟ್ಟರೆ ಸಾಕು ಎಂದು ಚಾಕು ನನ್ನ ಮುಂದಿಟ್ಟರು.

ಬಿಸಿಲಿಗಿಟ್ಟರೆ ಸೀಳುತ್ತದೆಂದು ಹತ್ತು ದಿನ ನೆರಳಲ್ಲೇ ಒಣಗಿಸಿದೆ. ಹಳೆಯ ಅಂಟನ್ನೂ ಜಿಡ್ಡನ್ನೂ ಕೆರೆದು, ಅದೇ ಜಾತಿಯ ಕಟ್ಟಿಗೆಯ ಸಣ್ಣ ಹೊಟ್ಟನ್ನು ಎಪಾಕ್ಸಿಗೆ ಬೆರೆಸಿ ಸಂದಿಗೆ ಒತ್ತಿದೆ. ಒಂದಿಡೀ ದಿನ ಕ್ಲಾಂಪಿನಲ್ಲಿ ಬಿಗಿದಿಟ್ಟೆ. ಆಮೇಲೆ ನಯಮಾಡಿ ಅಗಸೆ ಎಣ್ಣೆ ಉಣಿಸಿದೆ. ಇನ್ನು ನೀರಲ್ಲಿಡಬೇಡಿ ಎಂದು ಹೇಳಿ ಕೊಟ್ಟೆ.

ಮದುವೆ ಮುಗಿಸಿ ಬಂದ ಖಾಜಾಬಿ ಅಂಗೈ ಬಿಚ್ಚಿ ತೋರಿಸಿದರು. ಹಳೆಯ ಕಲೆ ಬಿಟ್ಟರೆ ಏನೂ ಇರಲಿಲ್ಲ. ಎರಡು ಚೀಲ ಉಳ್ಳಾಗಡ್ಡಿ ಹೆಚ್ಚಿದ್ದರಂತೆ. ಬಾವರ್ಚಿ ಮುಂದಿನ ಮದುವೆಗೂ ಬರಹೇಳಿದ್ದನಂತೆ.

“ಕೈಯಾಗ ಚಾಕು ಐತಿ ಅನ್ನೋದ ಮರ್ತಿದ್ದೆ ಸರ.”

ಕೆಲಸ ಕೆಟ್ಟರೆ ಜನ ಸುಮ್ಮನೆ ಬೇರೆ ಅಂಗಡಿಗೆ ಹೋಗುತ್ತಾರೆ. ಮಾಡಿದವನಿಗೆ ತನ್ನ ತಪ್ಪು ತಿಳಿಯುವುದೇ ಇಲ್ಲ. ಖಾಜಾಬಿ ಗಾಯದ ಕೈಯಲ್ಲೇ ನನ್ನ ಹತ್ತಿರ ತಿರುಗಿ ಬಂದರು. ಆ ಉಪಕಾರ ದೊಡ್ಡದು. ವಸ್ತುವನ್ನು ಮುಟ್ಟುವ ಮೊದಲು ತಂದವರನ್ನು ಕೇಳಬೇಕೆಂದು ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳುತ್ತೇನೆ. ಯಾರು ಕಲಿಸಿದ್ದೆಂದೂ ಹೇಳುತ್ತೇನೆ.