ಹತ್ತನೇ ನಂಬರಿನ ಹೆಸರು

ಅಮೆರಿಕದ ಲೀಗಿನಲ್ಲಿ ಆಡುವ ಫುಟ್ಬಾಲ್ ಆಟಗಾರನನ್ನು ಯುರೋಪಿನ ಕ್ಲಬ್ಬಿಗೆ ಮಾರಿದರೆ, ಬಂದ ಹಣ ಯಾರ್ಯಾರ ಕೈ ಸೇರುತ್ತದೆ ಎಂಬುದು ನನಗೆ ಬಾಯಿಪಾಠ. ಕುವೈತಿನ ಎಗೈಲಾದ ಮಾಲಿನಲ್ಲಿ ಮೊಬೈಲ್ ಕವರ್ ಮಾರುವವನಿಗೆ ಈ ವಿದ್ಯೆ ಯಾಕೆ ಎಂದು ನಮ್ಮ ಅಂಗಡಿಯ ಮ್ಯಾನೇಜರ್ ಒಮ್ಮೆ ಕೇಳಿದರು. ನಾನು ಅವರದೇ ಮೂಗಿನ ಸ್ವರದಲ್ಲಿ ಉತ್ತರ ಕೊಟ್ಟು ಬೈಸಿಕೊಂಡೆ. ಯಾರು ಏನು ಕೇಳಿದರೂ ಅವರ ಸ್ವರ ಮಾಡಿ ತಪ್ಪಿಸಿಕೊಳ್ಳುವುದು ನನ್ನ ಹಳೇ ಚಾಳಿ. ಈಗ ಹೇಳುವ ಇದೊಂದರಿಂದ ಮಾತ್ರ ಹಾಗೆ ತಪ್ಪಿಸಿಕೊಳ್ಳಲು ಆಗಲಿಲ್ಲ.

ನಮ್ಮ ಕೋಚ್ ಉಡುಪಿ ಕಡೆಯವರು. ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟೆಕ್ನಿಷಿಯನ್. ಡ್ಯೂಟಿ ಮುಗಿಸಿ ಕಂಪೆನಿ ಬಸ್ಸಿನಿಂದ ಇಳಿದವರು ಊಟವನ್ನೂ ಮಾಡದೆ, ಬಾಡಿಗೆಗೆ ಹಿಡಿದ ಒಂದು ಶಾಲೆಯ ಮೈದಾನಕ್ಕೆ ಬಂದು ನಮ್ಮಂಥ ಮಕ್ಕಳಿಗೆ ಫುಟ್ಬಾಲ್ ಕಲಿಸುತ್ತಿದ್ದರು. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದದ್ದು. ಅಕಾಡೆಮಿ ಚಿಕ್ಕದು, ಆದರೆ ಒಬ್ಬ ಕುವೈತಿ ಪಾಲುದಾರರ ಮೂಲಕ ಸರಿಯಾಗಿ ನೋಂದಣಿಯಾದದ್ದು. ಪ್ರತಿ ಸೀಸನ್ನಿನ ಮೊದಲು ಆಟಗಾರರ ಪಟ್ಟಿಯನ್ನು ಅರಬಿಯಲ್ಲಿ ತುಂಬಿ ಫುಟ್ಬಾಲ್ ಸಂಸ್ಥೆಗೆ ಕೊಡಬೇಕಿತ್ತು. ಅಣ್ಣನಿಗೆ ಅರಬಿ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಶಾಲೆಯಲ್ಲಿ ನನಗೆ ಅರಬಿಯಲ್ಲಿ ಒಳ್ಳೆಯ ಮಾರ್ಕು. ಕಾಲಿನಿಂದ ಆಗದ ಉಪಕಾರ ಕೈಯಿಂದಾದರೂ ಆಗಲಿ ಎಂದು ಹದಿಮೂರನೇ ವಯಸ್ಸಿಗೇ ನನ್ನನ್ನು ಬರೆಯಲು ಕೂರಿಸಿದರು. ಆಟದಲ್ಲಿ ನನ್ನ ಸ್ಥಾನ ಬೆಂಚು. ನಾನು ಕೂತು ಕೂತು ಅದರ ಬಣ್ಣ ಹೋಗಿತ್ತು.

ಆ ವರ್ಷ ಒಬ್ಬ ಹೊಸ ಹುಡುಗ ಬಂದ. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಅರ್ಧ ಇಂಗ್ಲಿಷ್ ಅರ್ಧ ಕನ್ನಡ, ತಾಯಿ ನರ್ಸ್. ನನಗಿಂತ ಒಂದು ವರ್ಷ ಚಿಕ್ಕವ. ಅವನ ಎಡಗಾಲಿಗೆ ಚೆಂಡು ಸಿಕ್ಕಿದರೆ ಅಣ್ಣ ವಿಸಿಲ್ ಊದುವುದನ್ನೂ ಮರೆಯುತ್ತಿದ್ದರು. ಆದರೆ ಅವನ ಅಪ್ಪ ಕಂಪೆನಿ ಬದಲಿಸಿದ್ದರಿಂದ ಇಕಾಮಾ, ಅಂದರೆ ವಾಸದ ಪರವಾನಗಿ, ನಿಂತುಹೋಗಿತ್ತು, ಸಿವಿಲ್ ಐಡಿ ಬಂದಿರಲಿಲ್ಲ. ಐಡಿ ನಂಬರ್ ಇಲ್ಲದೆ ಪಟ್ಟಿಗೆ ಸೇರಿಸುವಂತಿಲ್ಲ.

"ಕಾರ್ಡ್ ಬರ್ಲಿ, ಮತ್ತೆ ಸೇರಿಸುವ. ಅಲ್ಲಿವರೆಗೆ ಅವ ಆಡುವುದು ಬೇಡ," ಎಂದರು ಅಣ್ಣ.

ನಾನು ಕಾಯಲಿಲ್ಲ. ಹತ್ತನೇ ನಂಬರಿನ ಎದುರು ನನ್ನ ಹೆಸರನ್ನೂ ನನ್ನ ಐಡಿ ನಂಬರನ್ನೂ ಬರೆದು, ಕಾರ್ಡ್ ಬಂತು, ಅವನನ್ನು ಸೇರಿಸಿದೆ ಎಂದು ಅಣ್ಣನಿಗೆ ಹೇಳಿದೆ. ಮಕ್ಕಳ ಆಟದಲ್ಲಿ ರೆಫರಿಗಳು ನೋಡುತ್ತಿದ್ದದ್ದು ಜೆರ್ಸಿಯ ನಂಬರು ಮಾತ್ರ. ಹುಡುಗ ನನ್ನ ಹೆಸರಿನಲ್ಲಿ ಆಡಿದ, ಗೋಲು ಹೊಡೆದ. ನಾನು ಬೆಂಚಿನಲ್ಲಿ ಕೂತು ಟಿವಿ ಕಾಮೆಂಟರಿಯವರ ಸ್ವರ ಮಾಡಿ ನನ್ನನ್ನೇ ಹೊಗಳಿಕೊಂಡೆ.

ಸೀಸನ್ ಮುಗಿದಾಗ ಸಂಸ್ಥೆಯಿಂದ ಅರಬಿಯ ಸರ್ಟಿಫಿಕೇಟುಗಳ ಕಟ್ಟು ಬಂತು. ಹಂಚುವ ಕೆಲಸವೂ ನನ್ನದೇ. ಅತಿ ಹೆಚ್ಚು ಗೋಲು ಹೊಡೆದವನದು ನನ್ನ ಹೆಸರಿನಲ್ಲಿತ್ತು. ಹುಡುಗನಿಗೆ ಗುಟ್ಟಿನಲ್ಲಿ ತೋರಿಸಿದಾಗ ಅವನು ನಕ್ಕ. "ಇಟ್ಕೋ ಬ್ರೋ. ಗಿಫ್ಟ್." ಬ್ಯಾಗಿನಲ್ಲಿ ಮನೆಗೆ ತಂದದ್ದನ್ನು ಅಮ್ಮ ನೋಡಿದರು, ಅರ್ಥ ಕೇಳಿದರು. ಹೇಳಿದೆ. ಮರುದಿನವೇ ಅದಕ್ಕೆ ಫ್ರೇಮ್ ಹಾಕಿಸಿ ಗೋಡೆಗೆ ಹೊಡೆದರು. ಫೋಟೋ ಊರಿನ ಎಲ್ಲ ಗ್ರೂಪುಗಳಿಗೂ ಹೋಯಿತು. ದೊಡ್ಡಮ್ಮ ಫೋನ್ ಮಾಡಿ ಅತ್ತರು.

ಮುಂದಿನ ವರ್ಷ ಹುಡುಗನ ಕಾರ್ಡ್ ಬಂತು. ಪಟ್ಟಿ ತಿದ್ದಲು ಹತ್ತು ನಿಮಿಷ ಸಾಕಿತ್ತು. ತಿದ್ದಿದರೆ ಈ ವರ್ಷದ ಸರ್ಟಿಫಿಕೇಟು ಅವನ ಹೆಸರಿಗೆ ಬರುತ್ತದೆ, ನಿನ್ನದು ಎಲ್ಲಿ ಎಂದು ಅಮ್ಮ ಕೇಳುತ್ತಾರೆ. ಹುಡುಗನಿಗೆ, ಎಲ್ಲ ಚೇಂಜ್ ಮಾಡಿದೆ ಎಂದೆ. ಹಾಗೆ ಮೂರು ಸೀಸನ್ ಕಳೆದವು. ಆಮೇಲೆ ಅವನ ತಾಯಿಗೆ ಅಮೆರಿಕದಲ್ಲಿ ಕೆಲಸ ಸಿಕ್ಕಿ ಅವರು ಹೊರಟುಹೋದರು.

ಅಲ್ಲಿ ಒಂದು ದೊಡ್ಡ ಕ್ಲಬ್ಬಿನ ಅಕಾಡೆಮಿ ಅವನನ್ನು ತೆಗೆದುಕೊಂಡಿತು. ಮೊನ್ನೆ ಮೊನ್ನೆ ಯುರೋಪಿನ ಕ್ಲಬ್ಬೊಂದು ಅವನನ್ನು ಕೊಂಡಿತು. ಶುಕ್ರವಾರದ ಪ್ರಾಕ್ಟೀಸಿನ ನಡುವೆ, ನಾನೂ ಪಕ್ಕದಲ್ಲಿದ್ದಾಗ, ಅವನೇ ಅಣ್ಣನಿಗೆ ವಿಡಿಯೋ ಕಾಲ್ ಮಾಡಿದ.

"ಅಣ್ಣ, ಇಲ್ಲಿ ಪ್ಲೇಯರ್ ಸೈನ್ ಮಾಡೋದು ಕ್ಲಬ್ ಜೊತೆ ಅಲ್ಲ, ಲೀಗ್ ಜೊತೆ. ಸೇಲ್ ಆದ್ರೆ ಲೀಗಿಗೆ ಒಂದು ಶೇರ್, ಉಳಿದದ್ದು ಕ್ಲಬ್ಬಿಗೆ."

"ಹಾಗಾದ್ರೆ ಲೀಗೇ ಕಫೀಲ್ ಅನ್ನು," ಎಂದರು ಅಣ್ಣ. ಇಲ್ಲಿ ನಮಗೆ ವೀಸಾ ಕೊಡಿಸುವ ಪ್ರಾಯೋಜಕನೇ ಕಫೀಲ್.

"ಎಕ್ಸಾಕ್ಟ್ಲಿ."

"ಇಕಾಮಾ ಒಬ್ಬನದ್ದು, ಕೆಲಸ ಇನ್ನೊಬ್ಬನಲ್ಲಿ. ರಿಲೀಸ್ ಕೊಡುವಾಗ ಇಬ್ಬರಿಗೂ ಪಾಲು. ನಮ್ಮ ಕಥೆಯೇ ಮಾರಾಯ."

ಅಣ್ಣನಿಗೆ ಸಂಬಂಧಪಟ್ಟ ವಿಷಯ ಆಮೇಲೆ ಬಂತು. ಆಟಗಾರ ದೇಶ ದಾಟಿ ಮಾರಾಟವಾದಾಗ, ಹನ್ನೆರಡನೇ ವಯಸ್ಸಿನಿಂದ ಅವನನ್ನು ಬೆಳೆಸಿದ ಕ್ಲಬ್ಬುಗಳಿಗೂ ಆ ಹಣದಲ್ಲಿ ಒಂದು ಸಣ್ಣ ಪಾಲು ಹೋಗಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ. ಅಮೆರಿಕದಲ್ಲೇ ಮಕ್ಕಳಿಗೆ ಆಟ ಕಲಿಸುವ ಸಣ್ಣ ಕ್ಲಬ್ಬುಗಳಿಗೆ ಎಷ್ಟೋ ಕಾಲ ಅದು ಸಿಕ್ಕಿರಲಿಲ್ಲವಂತೆ, ಜಗಳಾಡಬೇಕಾಯಿತಂತೆ. ಹನ್ನೆರಡರಿಂದ ಹದಿನೈದು ನಮ್ಮ ವರ್ಷಗಳು. ಪಟ್ಟಿಯಲ್ಲಿ ಹೆಸರು ಇದ್ದರೆ ಸಾಕು.

ಆಗ ಶಾಲೆಯವರು ಬಾಡಿಗೆ ಏರಿಸಿದ್ದರು; ಸೀಸನ್ ಮುಗಿಯುವುದರೊಳಗೆ ಕೊಡದಿದ್ದರೆ ಮೈದಾನ ಬಿಡಬೇಕಿತ್ತು. ಆ ಪಾಲು ಬಂದರೆ ಮೈದಾನ ಕೆಲವು ವರ್ಷ ಉಳಿಯುತ್ತಿತ್ತು. ಅಣ್ಣ ಕಾರಿನಿಂದ ಹಳೇ ಫೈಲ್ ತಂದು ಬಾನೆಟ್ಟಿನ ಮೇಲೆ ಹರಡಿದರು.

"ಹತ್ತನೇ ನಂಬರ್ ಓದು ಮಾರಾಯ."

ನಾನು ಹುಡುಗನ ಹೆಸರನ್ನು ಓದಿದೆ. ನನ್ನ ಹೆಸರಿನ ಮೇಲೆ ಬೆರಳಿಟ್ಟು, ಸ್ಟೇಡಿಯಂ ಮೈಕಿನವನ ಸ್ವರ ಮಾಡಿ, ಅವನ ಹೆಸರನ್ನು ಉದ್ದಕ್ಕೆ ಎಳೆದು ಓದಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಅಣ್ಣ ಎಲ್ಲರಿಗೂ ಕರಕ್ ಚಾ ತರಿಸಿದರು. ನಾನೂ ಕುಡಿದೆ.

ಮೂರು ವಾರವಾದ ಮೇಲೆ ಹುಡುಗನ ಫೋನ್ ಬಂತು, ಅಣ್ಣನಿಗಲ್ಲ, ನನಗೆ. "ಬ್ರೋ, ಕ್ಲಬ್ಬಿನವರು ಕುವೈತಲ್ಲಿ ಚೆಕ್ ಮಾಡಿದ್ರು, ರೆಕಾರ್ಡಲ್ಲಿ ನಾನು ಇಲ್ಲ. ನಂಬರ್ ಟೆನ್ ನೀನು. ಥ್ರೀ ಇಯರ್ಸ್. ಚೇಂಜ್ ಮಾಡಿದೆ ಅಂದಿದ್ದಿ ಅಲ್ವಾ?"

ಕಾಗದದ ಪ್ರಕಾರ ಅಣ್ಣ ಮೂರು ವರ್ಷ ಬೆಳೆಸಿದ ಪ್ರತಿಭೆ ನಾನು. ನನ್ನನ್ನು ಕೊಳ್ಳಲು ಯುರೋಪು ಹಾಗಿರಲಿ, ಮಾಲಿನ ಎದುರಿನ ವಾಚ್ ಅಂಗಡಿಯವನೂ ಬಂದಿಲ್ಲ. ಈ ಜೋಕನ್ನು ಆ ಸಂಜೆ ಮೈದಾನಕ್ಕೆ ಹೋಗುವ ದಾರಿಯಲ್ಲಿ ಕಟ್ಟಿಕೊಂಡಿದ್ದೆ. ಅಣ್ಣನ ಎದುರು ನಿಂತು ಅವರದೇ ಸ್ವರದಲ್ಲಿ, "ಎಂತ ಮಾರಾಯ, ಒಂದು ಮಿಸ್ಟೇಕ್ ಆಯ್ತಲ್ಲ," ಎಂದು ಶುರು ಮಾಡಿದೆ.

"ನಿನ್ನ ಸ್ವರದಲ್ಲಿ ಹೇಳು," ಎಂದರು.

ಹೇಳಿದೆ. ಬಾನೆಟ್ಟಿನ ಮೇಲೆ ಸುಳ್ಳು ಓದಿದ್ದನ್ನೂ ಹೇಳಿದೆ.

"ಮೊದಲ್ನೇ ವರ್ಷ ಸರಿ, ಕಾರ್ಡ್ ಇರ್ಲಿಲ್ಲ. ಮತ್ತೆ ಎರಡು ವರ್ಷ ಎಂತಕ್ಕೆ?"

"ಸರ್ಟಿಫಿಕೇಟಿಗೆ ಅಣ್ಣ. ಅಮ್ಮ ಫ್ರೇಮ್ ಹಾಕಿಸಿದ್ರು."

ಅವರು ಬಯ್ಯುತ್ತಾರೆಂದು ಕಾದೆ. ಅಣ್ಣನ ಬೈಗುಳವನ್ನು ನನಗಿಂತ ಚೆನ್ನಾಗಿ ಯಾರೂ ಅಣಕಿಸಲಾರರು. ಮುಂದಿನ ವಾಕ್ಯ ಯಾವುದೆಂದು ನನಗೆ ಗೊತ್ತಿರುತ್ತಿತ್ತು. ಅಂದು ಅಣ್ಣ ಮಕ್ಕಳಿಗೆ ಎರಡು ಸುತ್ತು ಓಡಲು ಹೇಳಿ, ಅವರು ಓಡಿ ಮುಗಿಸುವವರೆಗೂ ನೋಡುತ್ತ ನಿಂತರು.

ನಾನು ಸಂಸ್ಥೆಯ ಕಚೇರಿಗೆ ಹೋಗಿ ಎಲ್ಲವನ್ನೂ ಬರೆದುಕೊಡುತ್ತೇನೆ ಎಂದೆ.

"ಬೇಡ. ಸುಳ್ಳು ಪಟ್ಟಿ ಕೊಟ್ಟವರು ಅಂತ ಅಕಾಡೆಮಿಯ ಹೆಸರೇ ತೆಗೆದ್ರೆ? ಈಗ ಇರುವ ಮಕ್ಕಳು ಎಲ್ಲಿ ಆಡುವುದು? ಖಲಾಸ್, ಬಿಡು."

ವಿಷಯ ತಿಳಿದು ಹುಡುಗ ಮತ್ತೆ ಫೋನ್ ಮಾಡಿದ. ತನ್ನ ಕೈಯಿಂದಲೇ ಬಾಡಿಗೆಯ ಹಣ ಕಳಿಸುತ್ತೇನೆ, ಅಣ್ಣನನ್ನು ಒಪ್ಪಿಸು ಎಂದ. ನನಗೆ ಜೀವ ಬಂದಂತಾಯಿತು. ಓಡಿ ಹೋಗಿ ಹೇಳಿದೆ.

ಅಣ್ಣ ಬೂಟಿನ ದಾರ ಕಟ್ಟುತ್ತಿದ್ದರು. "ಅವನ ಒಳ್ಳೆ ಮನಸ್ಸು. ಆದ್ರೆ ಅವ ಕೊಟ್ರೆ ಅದು ಸಹಾಯ. ಕ್ಲಬ್ಬಿಂದ ಬಂದಿದ್ರೆ, ಈ ಹುಡುಗನಿಗೆ ಕಲಿಸಿದ್ದು ನಾನು ಅಂತ ಆಗ್ತಿತ್ತು. ಬೇಡ ಅಂತ ಹೇಳು. ನೀನೇ ಹೇಳು."

ಸೀಸನ್ ಮುಗಿದಾಗ ಶಾಲೆಯ ಗೇಟಿನ ಬೀಗದ ಕೈಯನ್ನು ಅಣ್ಣ ಹಿಂದಿರುಗಿಸಿದರು. ಈಗ ಪ್ರಾಕ್ಟೀಸು ರಸ್ತೆ ಪಕ್ಕದ ಮರಳು ಬಯಲಿನಲ್ಲಿ. ಗೋಲ್ ಕಂಬದ ಬದಲು ನೀರಿನ ಕ್ಯಾನು. ಅಕಾಡೆಮಿಯಲ್ಲಿ ಅರ್ಧದಷ್ಟು ಮಕ್ಕಳನ್ನು ಅಪ್ಪ ಅಮ್ಮಂದಿರು ಬಿಡಿಸಿದ್ದಾರೆ. ಉಳಿದವರು ನನ್ನನ್ನು ಕಂಡರೆ ಅಣ್ಣನ ಸ್ವರ ಮಾಡು ಎಂದು ಪೀಡಿಸುತ್ತಾರೆ. ಗಂಟಲು ಸರಿ ಇಲ್ಲ ಎನ್ನುತ್ತೇನೆ.