ಗೋಂದಕ್ಕನ ಡಬ್ಬಿ, ಇನ್ನೂರ ಹನ್ನೆರಡು ಗುರುತು

ಗೋಂದಕ್ಕನ ಬಳಿ ಕಂಪ್ಯೂಟರ್ ಕಲಿತದ್ದಕ್ಕೆ ಒಂದು ಸರ್ಟಿಫಿಕೇಟೂ ಇಲ್ಲ. ಹತ್ತನೇ ತರಗತಿಯ ಅಂಕಪಟ್ಟಿ ಇದೆ. ಅದರ ಅಂಚು ಹರಿದಿತ್ತೆಂದು ಅವರೇ ಅಂಟಿಸಿಕೊಂಡಿದ್ದಾರೆ.

ಬೆಳಗಿನ ಐದೂವರೆ. ಸಾರ್ವಜನಿಕ ಗ್ರಂಥಾಲಯದ ಹಿಂಬದಿಯ ಬೈಂಡಿಂಗ್ ಕೋಣೆಯಲ್ಲಿ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ. ಒಂದು ಮೇಜಿನ ಮೇಲೆ ಬೆನ್ನು ಕಿತ್ತ ನಿಘಂಟುಗಳು, ಸೂಜಿ, ಮೇಣ ಹಚ್ಚಿದ ದಾರ, ಗೋಂದಿನ ಬಟ್ಟಲು. ಇನ್ನೊಂದರ ಮೇಲೆ ಹನ್ನೊಂದು ವರ್ಷದ ಹಳೆಯ ಕಂಪ್ಯೂಟರ್. ಅದು ಬಿಸಿಯಾಗಬಾರದೆಂದು ಪಕ್ಕದಲ್ಲೊಂದು ಟೇಬಲ್ ಫ್ಯಾನ್. ಪರದೆಯ ಮೇಲಿನ ಕೆಂಪು ಗುಂಡಿಯೊಂದರ ಮೇಲೆ ಮೌಸಿನ ಬಾಣ ಬಂದು ನಿಂತಿದೆ. ಬೆರಳು ಮಾತ್ರ ಒತ್ತುತ್ತಿಲ್ಲ.

“ಹೋದ ಸಲ ಒತ್ತಿದ್ದೂ ಇದೇ ಗುಂಡಿ,” ಎನ್ನುತ್ತಾರೆ ಗೋಂದಕ್ಕ. “ಮನೆ ಗುಡಿಸೋಕೆ ಹೋಗಿ ಮನೇನೇ ಗುಡಿಸಿ ಹಾಕಿದ ಹಾಗಾಯ್ತು.”

ವಯಸ್ಸು ನಲವತ್ತೆಂಟು. ಇಪ್ಪತ್ತೆರಡು ವರ್ಷಗಳಿಂದ ಇಲ್ಲಿ ಬೈಂಡರ್. ದಿನಕ್ಕೆ ಆರು ಪುಸ್ತಕ ಹೊಲಿಯುತ್ತಾರೆ, ತೆಳ್ಳಗಿದ್ದರೆ ಎಂಟು. ಉಗುರಿನ ಸಂದಿಯಿಂದ ಗೋಂದು ಹೋಗುವುದೇ ಇಲ್ಲವಾದ್ದರಿಂದ ಆ ಹೆಸರು ಬಿತ್ತು. ಮನೆಯಲ್ಲಿ ಗಂಡನೂ ಈಗ ಹಾಗೆಯೇ ಕರೆಯುತ್ತಾನೆ.

ಈ ಕಂಪ್ಯೂಟರಿನಲ್ಲಿರುವುದು ಕೇಳುವ ಪುಸ್ತಕಗಳು. ಕಣ್ಣು ಕಾಣದವರಿಗೆಂದು ಓದಿ ಧ್ವನಿಮುದ್ರಿಸಿದ ಮುನ್ನೂರ ನಲವತ್ತು ಪುಸ್ತಕಗಳನ್ನು ಇನ್ನೂರ ಹನ್ನೆರಡು ಮಂದಿ ಮನೆಯಿಂದಲೇ ಫೋನಿನಲ್ಲಿ ಕೇಳುತ್ತಾರೆ. ಯಾರು ಯಾವ ಪುಸ್ತಕವನ್ನು ಎಲ್ಲಿ ನಿಲ್ಲಿಸಿದರು ಎಂಬ ಗುರುತನ್ನು ಯಂತ್ರ ಇಟ್ಟುಕೊಳ್ಳುತ್ತದೆ. ನಾವು ಪುಟದ ಮೂಲೆ ಮಡಚಿದ ಹಾಗೆ.

ನಾಲ್ಕು ತಿಂಗಳ ಹಿಂದೆ ಅದು ವಾರಕ್ಕೆ ಮೂರು ಸಲ ಕೈಕೊಡುತ್ತಿತ್ತು. ಹಾಕಿಕೊಟ್ಟವನು ಊರು ಬಿಟ್ಟಿದ್ದ. “ಈ ಸೇವೆ ನಿಲ್ಲಿಸಿಬಿಡೋಣ” ಎಂದರು ಗ್ರಂಥಪಾಲಕರು. ಕಂಪ್ಯೂಟರ್ ಬೈಂಡಿಂಗ್ ಕೋಣೆಯಲ್ಲೇ ಇತ್ತು. ಗೋಂದಕ್ಕ ಎರಡು ತಿಂಗಳ ಅವಕಾಶ ಕೇಳಿದರು.

ದಾರಿ ತೋರಿಸಿದವಳು ಒಂದು ಕಚೇರಿಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವ ನಾದಿನಿ. ಒಂದು ತಂತ್ರಾಂಶ ನಡೆಯಲು ಬೇಕಾದ ಸಾಮಾನನ್ನೆಲ್ಲ ಒಟ್ಟಿಗೆ ತುಂಬಿ ಮುಚ್ಚಳ ಹಾಕಿಟ್ಟರೆ ಅದು ಕಂಟೇನರ್, ಒಂದರ ರಗಳೆ ಇನ್ನೊಂದಕ್ಕೆ ತಗುಲುವುದಿಲ್ಲ ಎಂದು ವಿವರಿಸಿದಳು. ಗೋಂದಕ್ಕ ಅದನ್ನು ಡಬ್ಬಿ ಎಂದರು. ಡಬ್ಬಿಗಳನ್ನು ನೋಡಿಕೊಳ್ಳುವ ದೊಡ್ಡ ದೊಡ್ಡ ಸಾಧನಗಳನ್ನು ಈ ಮುದಿ ಯಂತ್ರ ಹೊರಲಾರದು. ಆದ್ದರಿಂದ ಒಂದು ಹಗುರವಾದದ್ದನ್ನು ನಾದಿನಿ ಹುಡುಕಿಕೊಟ್ಟಳು. ಅದರಲ್ಲಿ ಇರುವುದು ಒಂದೇ ಪುಟ. ಒಂದೊಂದು ಡಬ್ಬಿಗೂ ಒಂದು ಸಾಲು, ಸಾಲಿನ ತುದಿಗೆ ಒಂದು ಚುಕ್ಕಿ. ನಡೆಯುತ್ತಿದ್ದರೆ ಹಸಿರು, ನಿಂತಿದ್ದರೆ ಕೆಂಪು.

“ಅತ್ತಿಗೆ, ಇದು ಪುಸ್ತಕ ಹೊಲಿದಷ್ಟು ಸುಲಭ ಅಲ್ಲ,” ಎಂದಿದ್ದಳಂತೆ ನಾದಿನಿ.

“ನೀನೊಂದು ಪುಸ್ತಕ ಹೊಲಿದು ತೋರಿಸಮ್ಮ, ಆಮೇಲೆ ಮಾತಾಡೋಣ ಅಂದೆ.”

ಕಲಿಯಲು ಬೇಕಾದ ಹದಿನಾರು ಪುಟಗಳನ್ನು ನಾದಿನಿ ಮುದ್ರಿಸಿ ತಂದಳು. ಗೋಂದಕ್ಕ ಮೊದಲು ಅವನ್ನು ಹೊಲಿದರು, ಬೆನ್ನಿಗೆ ಬಟ್ಟೆ ಅಂಟಿಸಿದರು, ರಟ್ಟು ಹಾಕಿದರು. ಓದಲು ಶುರು ಮಾಡಿದ್ದು ಆಮೇಲೆ. ಅಡುಗೆಮನೆಯ ಮೇಜಿನ ಮೇಲೆ ದಿನಕ್ಕೊಂದು ಪುಟ, ಗೊತ್ತಿಲ್ಲದ ಪದದ ಕೆಳಗೆ ಪೆನ್ಸಿಲ್ ಗೆರೆ. ಮೂರನೇ ವಾರ ಹನ್ನೊಂದು ಸಾಲಿನ ಆದೇಶ ಟೈಪು ಮಾಡಿ ಗುಂಡಿ ಒತ್ತಿದರು. ಚುಕ್ಕಿ ಕೆಂಪಾಗಿತ್ತು, ಹಳದಿಯಾಯಿತು, ಹಸಿರಾಯಿತು.

ಗೋಂದಕ್ಕ ಕುರ್ಚಿ ಬೀಳಿಸಿಕೊಂಡು ಓದುವ ಕೋಣೆಗೆ ಓಡಿ “ಹಸಿರಾಯ್ತು” ಎಂದರು. ಪೇಪರ್ ಓದುತ್ತಿದ್ದ ಮೂವರಲ್ಲಿ ಒಬ್ಬರು ಕಿಟಕಿಯಿಂದ ರಸ್ತೆಯ ಸಿಗ್ನಲ್ ಕಡೆ ನೋಡಿದರು. ಗ್ರಂಥಾಲಯದ ವಾರ್ಷಿಕ ವರದಿ ಈ ಕೆಲಸವನ್ನು “ತಾಂತ್ರಿಕ ವಿಭಾಗದ ಸಾಧನೆ” ಎಂದು ಬರೆದಿದೆ. ಗ್ರಂಥಾಲಯದಲ್ಲಿ ತಾಂತ್ರಿಕ ವಿಭಾಗ ಇಲ್ಲ. ಗೋಂದಕ್ಕ ಇದ್ದಾರೆ, ಟೇಬಲ್ ಫ್ಯಾನ್ ಇದೆ.

ತಿಂಗಳು ಕಳೆದ ಮೇಲೆ ತಂತ್ರಾಂಶದ ಹೊಸ ಆವೃತ್ತಿ ಬಂತು. ಹಳೇ ಡಬ್ಬಿ ತೆಗೆದು ಹೊಸದನ್ನು ಇಡಬೇಕು, ಅಷ್ಟೇ. ಗೋಂದಕ್ಕ ಡಬ್ಬಿ ಅಳಿಸುವ ಕೆಂಪು ಗುಂಡಿ ಒತ್ತಿದರು, ಹೊಸದನ್ನು ಇಟ್ಟರು. ಹಸಿರು ಬಂತು. ಬೆಳಿಗ್ಗೆ ಆರು ಗಂಟೆ ಐದು ನಿಮಿಷಕ್ಕೆ ಫೋನ್ ಹೊಡೆದುಕೊಂಡಿತು. ಆ ಹೊತ್ತಿಗೆ ಕರೆ ಮಾಡುವವರು ಒಬ್ಬರೇ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದ, ಹುಟ್ಟಿನಿಂದ ಕಣ್ಣು ಕಾಣದ ಟೆಲಿಫೋನ್ ಅಜ್ಜ. ಅವರು ಕೇಳುತ್ತಿದ್ದದ್ದು ನಲವತ್ತು ಅಧ್ಯಾಯದ ಒಂದು ಹಡಗಿನ ಕಥೆ.

“ಏನಮ್ಮಾ ಗೋಂದು, ಮೊನ್ನೆ ಸಮುದ್ರಕ್ಕೆ ಬಿದ್ದು ಸತ್ತವನು ಇವತ್ತು ಎದ್ದು ಕೂತು ಚಹಾ ಕುಡೀತಿದಾನಲ್ಲ?”

ಪುಸ್ತಕ ಮೊದಲಿಂದ ಶುರುವಾಗಿತ್ತು. ಅವರೊಬ್ಬರದಲ್ಲ, ಎಲ್ಲರದ್ದೂ. ಧ್ವನಿಮುದ್ರಣಗಳು ಡಬ್ಬಿಯ ಹೊರಗಿದ್ದವು, ಉಳಿದವು. ಗುರುತುಗಳು ಒಳಗಿದ್ದವು. ಡಬ್ಬಿಯ ಜೊತೆ ಅವೂ ಹೋದವು.

ಎಲ್ಲಿ ತಪ್ಪಿತೆಂದು ನೋಡಲು ಗೋಂದಕ್ಕ ತಾವು ಹೊಲಿದ ಕಿರುಪುಸ್ತಕ ತೆಗೆದರು. ಒಂದು ಹಾಳೆ ಬೆರಳಿಗೆ ದಪ್ಪವಾಗಿ ಸಿಕ್ಕಿತು. ಐದನೇ ಪುಟ ತಿರುಗಿಸಿದರೆ ಎಂಟು. ಆರು ಮತ್ತು ಏಳು ಒಂದಕ್ಕೊಂದು ಅಂಟಿಕೊಂಡಿದ್ದವು. ಆವಿ ಹಿಡಿದು ಬಿಡಿಸಿದರೆ ಆರನೇ ಪುಟದಲ್ಲೇ ಇತ್ತು: ಉಳಿಯಬೇಕಾದದ್ದನ್ನು ಡಬ್ಬಿಯ ಒಳಗೆ ಇಡಬೇಡಿ, ಹೊರಗೆ ಜಾಗ ಮಾಡಿ ದಾರಿ ತೋರಿಸಿ.

“ಇಪ್ಪತ್ತೆರಡು ವರ್ಷದಲ್ಲಿ ಎರಡು ಪುಟ ಅಂಟಿಸಿದೋಳಲ್ಲ ನಾನು. ಅಂಟಿಸಿದೆ, ಸರಿಯಾದ ಪುಟಾನೇ ನೋಡಿ ಅಂಟಿಸಿದೆ.”

ಗ್ರಂಥಪಾಲಕರು ಬೈಯಲಿಲ್ಲ. “ಇನ್ನೊಂದು ಸಲ ಹೀಗಾದ್ರೆ ಮುಚ್ಚಿಬಿಡೋಣಮ್ಮ” ಎಂದಷ್ಟೇ ಹೇಳಿದರು. ಮರುದಿನದಿಂದ ಬೈಂಡಿಂಗ್ ಕೆಲಸ ಮುಗಿಸಿ ಸಂಜೆ ನಾಲ್ಕಕ್ಕೆ ಗೋಂದಕ್ಕ ಫೋನ್ ಹಿಡಿದು ಕೂತರು. ಎಲ್ಲಿ ನಿಲ್ಲಿಸಿದ್ರಿ ಎಂದು ಎಲ್ಲರನ್ನೂ ಕೇಳಿದರು. ಯಾರಿಗೂ ನಿಮಿಷದ ಲೆಕ್ಕ ಗೊತ್ತಿಲ್ಲ. “ಆ ಹುಡುಗಿ ರೈಲು ಹತ್ತಿದಳಲ್ಲ, ಅಲ್ಲಿ” ಎನ್ನುತ್ತಾರೆ. “ಅತ್ತೆ ಬಾಗಿಲು ಹಾಕಿಕೊಂಡ ಮೇಲೆ” ಎನ್ನುತ್ತಾರೆ. ಅವುಗಳಲ್ಲಿ ಬಹುಪಾಲು ಪುಸ್ತಕಗಳನ್ನು ಒಮ್ಮೆಯಾದರೂ ಬಿಚ್ಚಿ ಹೊಲಿದವರು ಗೋಂದಕ್ಕ. ಕಪಾಟಿನಿಂದ ಪುಸ್ತಕ ಇಳಿಸಿ, ರೈಲು ಬಂದ ಪುಟ ಹುಡುಕಿ, ಅದೇ ಸಾಲು ಧ್ವನಿಯಲ್ಲಿ ಸಿಗುವವರೆಗೆ ಕೇಳಿ ಗುರುತು ಹಾಕಿದರು. ಹತ್ತೊಂಬತ್ತು ದಿನ ಹಿಡಿಯಿತು.

ಈಗ ಮತ್ತೆ ಹೊಸ ಆವೃತ್ತಿ ಬಂದಿದೆ. ಬದಲಾಯಿಸದೆ ಬಿಡುವಂತಿಲ್ಲ. ಹೊಸ ಫೋನ್ ಕೊಂಡ ಮೂವತ್ತು ಮಂದಿಗೆ ಹಳೇ ಆವೃತ್ತಿಯಲ್ಲಿ ಏನೂ ಕೇಳಿಸುತ್ತಿಲ್ಲ. ಗೋಂದಕ್ಕ ಆರನೇ ಪುಟವನ್ನು ಇನ್ನೊಮ್ಮೆ ಓದುತ್ತಾರೆ. ಗುರುತುಗಳಿಗೆ ಹೊರಗೆ ಜಾಗ ಮಾಡಲೆಂದು ಆದೇಶಕ್ಕೆ ತಾವು ಹೊಸದಾಗಿ ಸೇರಿಸಿದ ಸಾಲಿನ ಮೇಲೆ ಬೆರಳಿಡುತ್ತಾರೆ. ಸೆರಗಿಗೆ ಕೈ ಒರೆಸಿಕೊಂಡು ಕೆಂಪು ಗುಂಡಿ ಒತ್ತುತ್ತಾರೆ.

ಸಾಲು ಮಾಯವಾಗುತ್ತದೆ. ಪುಟ ಬರಿದಾಗಿದೆ. ಫ್ಯಾನ್ ತಿರುಗುತ್ತಿದೆ. ಹೊಸ ಡಬ್ಬಿಯ ಸಾಲು ಮೂಡುತ್ತದೆ, ಹಳದಿ, ಇನ್ನೂ ಹಳದಿ, ಹಸಿರು. ಗೋಂದಕ್ಕ ನಗುವುದಿಲ್ಲ. “ಹಸಿರು ಹೋದ ಸಲಾನೂ ಬಂದಿತ್ತು,” ಎಂದು ಫೋನಿನ ಕಡೆ ನೋಡುತ್ತಾರೆ.

ಆರು ಗಂಟೆ ಐದು ನಿಮಿಷಕ್ಕೆ ಅದು ಹೊಡೆದುಕೊಳ್ಳುತ್ತದೆ.

“ಹೇಳಿ ಅಜ್ಜ.”

“ಬಿರುಗಾಳಿ ಇನ್ನೂ ನಿಂತಿಲ್ಲಮ್ಮ. ನಿನ್ನೆ ಹಾಯಿ ಹರೀತಲ್ಲ, ಅಲ್ಲೇ ಇದೀನಿ.”

“ಸತ್ತವನು?”

“ಸತ್ತೇ ಇದಾನೆ. ನಿನ್ನ ಪುಣ್ಯ.”

ಈಗ ಗೋಂದಕ್ಕ ನಗುತ್ತಾರೆ, ಮೇಜಿಗೆ ಕೈ ಬಡಿದು, ಸೂಜಿಡಬ್ಬಿ ಉರುಳುವ ಹಾಗೆ. ಅವರಿಗೆ ಬೇಕಾಗಿರುವುದು ಇನ್ನೊಂದು ಹಳೇ ಕಂಪ್ಯೂಟರ್. “ಹೊಸದು ಬೇಡ. ಯಾರಾದ್ರೂ ಎಸೆಯೋದು ಕೊಟ್ಟರೆ ಸಾಕು. ಎಲ್ಲದರದ್ದೂ ಒಂದೊಂದು ನಕಲು ಇಟ್ಟುಕೊಳ್ತೀನಿ.”

ಕಿರುಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ಸಾಲು ಮೊದಲೇ ಇದೆ. ಹೋದದ್ದು ಇನ್ನೂರ ಹನ್ನೆರಡು, ಮರಳಿದ್ದು ಇನ್ನೂರ ಒಂಬತ್ತು, ಸಿಗದೇ ಉಳಿದದ್ದು ಮೂರು. ಉಳಿದವರ ಗುರುತುಗಳನ್ನೂ ಒಂದೊಂದಾಗಿ ನೋಡಿ ಮುಗಿಸಿ, ಅದರ ಕೆಳಗೆ ಗೋಂದಕ್ಕ ಇವತ್ತಿನ ತಾರೀಖು ಹಾಕುತ್ತಾರೆ. ಹೋದದ್ದು: ಸೊನ್ನೆ.